ಒಣಗಿಸುವ ಮನೆಗೆ ಲೈಸೆನ್ಸು

ಪಾಯ್ಸ್ ಅವರ ಆಫೀಸಿನಲ್ಲಿ ಆ ಬೆಳೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಫೋನಿನಲ್ಲಿ ಅದು ಬದನೆಕಾಯಿ, ಲಿಫ್ಟಿನಲ್ಲಿ ಬದನೆಕಾಯಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗಲೂ ಬದನೆಕಾಯಿ. ಒಂದು ದಿನ ರುಖಿಯಾ ನಿಜವಾದ ಬದನೆಕಾಯಿ ಗಸಿ ತಂದು ಎಲ್ಲರ ತಟ್ಟೆಗೂ ಬಡಿಸಿ, ಬದನೆಕಾಯಿ ಹೇಗುಂಟು ಎಂದು ಕೇಳಿದಾಗ ಪಾಯ್ಸ್ ಅಭ್ಯಾಸಬಲದಿಂದ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

ಗಾಂಜಾ ಎಂಬ ಪದ ಇದ್ದದ್ದು ಕಡತದೊಳಗೆ ಮಾತ್ರ. ಅದು ಎರಡು ಸಾವಿರದ ಹದಿನೆಂಟನೆಯ ಇಸವಿ. ಸಮುದ್ರದಾಚೆಯ ಒಂದು ಪುಟ್ಟ ಗುಡ್ಡಗಾಡು ದೇಶ, ಔಷಧಿಗೆಂದು ಗಾಂಜಾ ಬೆಳೆಯಲು ತನ್ನ ರೈತರಿಗೆ ಅನುಮತಿ ಕೊಡುವುದೆಂದು ತೀರ್ಮಾನಿಸಿ, ಅದಕ್ಕೊಂದು ಸರ್ಕಾರಿ ಪ್ರಾಧಿಕಾರವನ್ನೂ ಕಟ್ಟಿಕೊಂಡಿತ್ತು. ಆದರೆ ಲೈಸೆನ್ಸು ಯಾರಿಗೆ ಕೊಡಬೇಕು, ಎಷ್ಟು ಬೆಳೆಯಬಹುದು, ತೂಗುವವರು ಯಾರು, ಕಳ್ಳದಾರಿಯಲ್ಲಿ ಮಾಲು ಸೋರಿಹೋಗದಂತೆ ಕಾಯುವುದು ಹೇಗೆ, ಇದನ್ನೆಲ್ಲ ನಿಯಮವಾಗಿ ಬರೆದುಕೊಡುವವರು ಬೇಕಿತ್ತು. ಬರ್ ದುಬೈಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ, ಪಾಯ್ಸ್ ನಡೆಸುತ್ತಿದ್ದದ್ದು ಇದೇ ಕಸುಬು. ಒಂದು ದ್ವೀಪಕ್ಕೆ ಮೀನುಗಾರಿಕೆಯ ನಿಯಮ ಬರೆದಿದ್ದರು, ಇನ್ನೊಂದು ದೇಶಕ್ಕೆ ಜೇನುತುಪ್ಪದ ರಫ್ತಿನ ಕೈಪಿಡಿ. ಈ ಕೆಲಸಕ್ಕೆ ಕೈಹಾಕುವ ಮೊದಲು ವಕೀಲರೊಬ್ಬರನ್ನು ಕೇಳಿದರು. ಬೇರೆ ದೇಶಕ್ಕೆ ನಿಯಮ ಬರೆಯಲು ಅಡ್ಡಿಯಿಲ್ಲ, ಆದರೆ ಈ ದೇಶದಲ್ಲಿ ಅದರ ಒಂದೆಲೆ ಜೇಬಿನಲ್ಲಿ ಸಿಕ್ಕರೂ ಜೈಲು, ಮಾತು ಮಿತಿಯಲ್ಲಿರಲಿ ಎಂದು ಅವರು ಹೇಳಿ ಕಳಿಸಿದ್ದರು. ಅಂದಿನಿಂದ ಗಿಡದ ಒಂದು ಚಿತ್ರವನ್ನೂ ಪಾಯ್ಸ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಣ್ಣಲ್ಲಿ ಕಾಣದ ಬೆಳೆಗೆ ಕಾನೂನು ತಯಾರಾಗುತ್ತಿತ್ತು.

ಆಫೀಸಿನಲ್ಲಿ ಇದ್ದವರು ನಾಲ್ವರು. ಮಾಲೀಕರು ಪಾಯ್ಸ್, ಮಂಗಳೂರಿನವರು. ನಿಯಮ ಬರೆಯುವವಳು ಸಮೀಕ್ಷಾ, ಉಡುಪಿಯ ಮನೆತನದವಳಾದರೂ ದುಬೈಯಲ್ಲೇ ಹುಟ್ಟಿ ಬೆಳೆದ, ಕಾನೂನು ಓದಿದ ಇಪ್ಪತ್ತೆಂಟರ ಹುಡುಗಿ. ಚಹಾ ಮಾಡಿ ಆಫೀಸು ಓರಣವಾಗಿಡುವವಳು ಉಳ್ಳಾಲದ ರುಖಿಯಾ. ನಾಲ್ಕನೆಯವಳು ಸುಮಿತ್ರಾ. ಮೈಸೂರಿನವಳು, ಐವತ್ತಾರು ವರ್ಷ. ಪುಟಗಳಿಗೆ ಸಂಖ್ಯೆ ಹಾಕುವುದು, ಹಳೆಯ ಕರಡೂ ಹೊಸ ಕರಡೂ ಕಲಸಿಹೋಗದಂತೆ ನೋಡಿಕೊಳ್ಳುವುದು, ಕಾಗುಣಿತ ತಿದ್ದುವುದು ಅವಳ ಕೆಲಸ. ಗಂಡ ದ್ವಾರಕನಾಥರು ದೂರದ, ಅಬುಧಾಬಿಯಾಚೆಯ ರುವೈಸ್‌ನ ತೈಲ ಶುದ್ಧೀಕರಣಾಗಾರದಲ್ಲಿ ಉಪಕರಣಗಳ ಮೇಲ್ವಿಚಾರಕರು. ಹದಿನಾಲ್ಕು ವರ್ಷ ಅವಳೂ ಅಲ್ಲೇ ಕಂಪನಿಯ ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಈ ಕುರ್ಚಿ ಸಿಕ್ಕಿತು. ವಾರವಿಡೀ ದುಬೈ, ಗುರುವಾರ ಸಂಜೆ ಬಸ್ಸು ಹತ್ತಿ ರುವೈಸ್. ಈ ಕುರ್ಚಿ ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿದ್ದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಯಾರೋ ತನಗಾಗಿ ಕಾಯುತ್ತಾರೆ ಎಂಬುದು ಎಂಥ ಸುಖ ಎಂದು, ಅದು ಇಲ್ಲದೆ ಹದಿನಾಲ್ಕು ವರ್ಷ ಕಳೆದವರಿಗೇ ಗೊತ್ತು.

ಅಕ್ಟೋಬರಿನ ಒಂದು ಭಾನುವಾರ, ಸಮೀಕ್ಷಾ ನಾಲ್ಕು ತಿಂಗಳು ಕೂತು ಬರೆದ ಕರಡು ವಾಪಸು ಬಂತು. ಆ ದೇಶದ ಪ್ರಾಧಿಕಾರದ ಮುಖ್ಯಸ್ಥೆ ಬೆಟ್ಟಿ ಎಂಬ ಹೆಂಗಸು, ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಕೈಯಾರೆ ಬರೆದಿದ್ದರು: ಈ ನಿಯಮದ ಪ್ರಕಾರ ನನ್ನ ಗುಡ್ಡಗಳಲ್ಲಿ ಎಷ್ಟು ಜನರಿಗೆ ಲೈಸೆನ್ಸು ಸಿಗುತ್ತದೆ ಎಂದು ಎಣಿಸಿದೆ. ಮೂವರಿಗೆ. ಮೂವರೂ ರಾಜಧಾನಿಯಲ್ಲಿರುತ್ತಾರೆ.

ಅದರ ಕೆಳಗೆ ಇನ್ನೊಂದು ಸಾಲು. ಮುಂದಿನ ವಾರದ ಬುಧವಾರ ಕೃಷಿ ಅಧಿಕಾರಿಗಳ ಸಭೆಗೆ ಅಬುಧಾಬಿಗೆ ಬರುತ್ತಿದ್ದೇನೆ, ನಿಮಗೆ ಒಂದು ಗಂಟೆ ಕೊಡುತ್ತೇನೆ, ಆಗಲೂ ಸರಿಹೋಗದಿದ್ದರೆ ಬೇರೆ ಕಂಪನಿ ಸಿದ್ಧವಿದೆ.

ಪಾಯ್ಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. ಡಿಸೆಂಬರಿನಲ್ಲಿ ಆಫೀಸಿನ ಟ್ರೇಡ್ ಲೈಸೆನ್ಸು ನವೀಕರಿಸಬೇಕು, ಈ ಕೆಲಸ ಕೈಬಿಟ್ಟರೆ ಅದನ್ನು ನವೀಕರಿಸುವ ಮಾತೇ ಇಲ್ಲ ಎಂದು ಎಲ್ಲರನ್ನೂ ಕರೆದು ಹೇಳಿದರು.

"ಬುಧವಾರ ಆಗ್ಲಿಲ್ವಾ, ಖಲಾಸ್," ಎಂದರು. "ನಾನು ಬೀಗ ಹಾಕಿ ಊರಿಗೆ ಹೋಗುದು. ನಿಮ್ಗೆಲ್ಲ ಈಗ್ಲೇ ಹೇಳುದು ಯಾಕೆಂದ್ರೆ, ಕಡೆಯ ಗಳಿಗೆಯಲ್ಲಿ ಹೇಳಿದ್ರೆ ಅದು ಮೋಸ ಆಗ್ತದೆ ಮಾರಾಯ್ರೆ."

ಸಮೀಕ್ಷಾ ಎದ್ದು ಬಾತ್ರೂಮಿಗೆ ಹೋದಳು. ಹೊರಬಂದಾಗ ಮುಖ ತೊಳೆದಿದ್ದರೂ ಮೂಗು ಕೆಂಪಗಿತ್ತು. ರುಖಿಯಾ ಶುಂಠಿ ಹಾಕಿದ ಚಹಾ ತಂದಿಟ್ಟು, ಲೋಟದ ಮೇಲೆ ತಟ್ಟೆ ಮುಚ್ಚಿ ಹೋದಳು.

ತಪ್ಪು ಎಲ್ಲಿದೆ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಜಿಯ ಜೊತೆ ರೈತ ಲಗತ್ತಿಸಬೇಕಾದ ಕಾಗದಗಳ ಪಟ್ಟಿಯಲ್ಲೇ ಇತ್ತು. ಬಿಳಿ ಹಿನ್ನೆಲೆಯ ಫೋಟೋ. ನೋಂದಾಯಿತ ಬಾಡಿಗೆ ಕರಾರು. ಬ್ಯಾಂಕಿನ ಪತ್ರ. ಹೊಲದ ಹತ್ತು ಅಂಕಿಗಳ ವಿಳಾಸ ಸಂಖ್ಯೆ. ಮೂರು ತಿಂಗಳ ಕರೆಂಟ್ ಬಿಲ್ಲು. ದುಬೈಯಲ್ಲಿ ಸಿಮ್ ಕಾರ್ಡ್ ಕೊಳ್ಳಲೂ ಮಗುವನ್ನು ಶಾಲೆಗೆ ಸೇರಿಸಲೂ ಕೇಳುವ ಕಾಗದಗಳೇ ಅವು. ಇಲ್ಲಿ ಬೆಳೆದ ಹುಡುಗಿಗೆ ಕರೆಂಟ್ ಬಿಲ್ಲಿಲ್ಲದ ಮನುಷ್ಯ ಇರಬಹುದು ಎಂಬುದೇ ಹೊಳೆದಿರಲಿಲ್ಲ. ಅವಳನ್ನು ಬಯ್ಯುವಂತೆಯೂ ಇರಲಿಲ್ಲ. ಆ ಪಟ್ಟಿಯನ್ನು ಸುಮಿತ್ರಾ ಮೂರು ಸಲ ಓದಿ ಅಲ್ಪವಿರಾಮ ತಿದ್ದಿದ್ದಳು. ಪಾಯ್ಸ್ ಸಹಿ ಹಾಕಿದ್ದರು. ಎಷ್ಟೋ ವರ್ಷಗಳಿಂದ ಅವರೆಲ್ಲರೂ ಇದೇ ಕಾಗದಗಳನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಿಡಿದು ಕೌಂಟರಿನಿಂದ ಕೌಂಟರಿಗೆ ನಡೆದವರು.

ಪಟ್ಟಿಯನ್ನು ಹರಿದುಹಾಕುವುದು ಸುಲಭ. ಕಷ್ಟ ಇದ್ದದ್ದು ಬೇಲಿಯಲ್ಲಿ. ಪ್ರತಿ ಹೊಲಕ್ಕೂ ಎರಡಾಳೆತ್ತರದ ಬೇಲಿ, ಹಗಲೂ ರಾತ್ರಿ ಕ್ಯಾಮೆರಾ, ಒಬ್ಬ ಕಾವಲುಗಾರ ಎಂದು ಕರಡು ಹೇಳುತ್ತಿತ್ತು. ಶ್ರೀಮಂತ ದೇಶಗಳ ನಿಯಮವೇ ಹಾಗೆ. ಗುಡ್ಡದ ಅರ್ಧ ಎಕರೆಯ ಹೆಂಗಸಿಗೆ ಅದು ಆಗುವ ಮಾತಲ್ಲ. ಆದರೆ ಬೇಲಿ ತೆಗೆದರೆ ಮಾಲು ಕಳ್ಳರ ಪಾಲಾಗುವುದನ್ನು ತಡೆಯುವುದು ಹೇಗೆ? ಹೊರದೇಶದ ಔಷಧ ಕಂಪನಿಗಳು ಗ್ರಾಮು ಗ್ರಾಮಿಗೂ ಲೆಕ್ಕ ಕೇಳುತ್ತವೆ. ಲೆಕ್ಕ ಕೊಡದಿದ್ದರೆ ಒಂದು ಚೀಲವನ್ನೂ ಕೊಳ್ಳುವುದಿಲ್ಲ. ಬೇಲಿ ಇದ್ದರೆ ಬೆಳೆಯುವವರಿಲ್ಲ, ಇಲ್ಲದಿದ್ದರೆ ಕೊಳ್ಳುವವರಿಲ್ಲ. ಸಮೀಕ್ಷಾ ಆ ದಿನವೆಲ್ಲ ಬೇಲಿಯ ಎತ್ತರವನ್ನು ಇಳಿಸುತ್ತ ಏರಿಸುತ್ತ ಕೂತಳು.

ಸುಮಿತ್ರಾಳಿಗೆ ಉತ್ತರ ಗೊತ್ತಿತ್ತು. ಅದು ಗೊತ್ತಿದೆ ಎಂಬುದೇ ಅವಳಿಗೆ ಭಯ ತಂದಿತು.

ಸಂಜೆ ಅಬ್ರಾ ದೋಣಿಯಲ್ಲಿ ಖಾಡಿ ದಾಟುತ್ತಿದ್ದಳು. ಅವಳ ಕೋಣೆ ಆಚೆ ದಡದ ದೇರಾದಲ್ಲಿ. ಜನ ತುಂಬಿದ್ದರು. ಬಾಂಗ್ಲಾದ ದೋಣಿಯವನು ಅವಳ ಬಿಳಿ ಕೂದಲು ನೋಡಿ, ತನ್ನ ಪಕ್ಕದಲ್ಲಿದ್ದ ನೀರಿನ ಡಬ್ಬ ಎತ್ತಿ ಕಾಲ ಕೆಳಗಿಟ್ಟುಕೊಂಡು ಜಾಗ ಮಾಡಿಕೊಟ್ಟ. ಅಲ್ಲಿ ಕೂತು ಅವಳು ಹುಣಸೂರಿನ ಕೆಂಪು ಮಣ್ಣನ್ನು ನೆನೆದಳು. ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಅವಳು ತಂಬಾಕು ಮಂಡಳಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದಳು. ಕೃಷಿ ಪದವಿ ಮುಗಿಸಿ, ಮೊಪೆಡ್ ಮೇಲೆ ಊರೂರು ತಿರುಗಿ, ಸರ್ಕಾರದ ಲೈಸೆನ್ಸಿಲ್ಲದೆ ಬೆಳೆದು ಮಾರಲಾಗದ ಒಂದು ಬೆಳೆಯನ್ನು ಒಂಬತ್ತು ವರ್ಷ ಎಣಿಸಿದ್ದಳು. ಈ ಆಫೀಸಿಗೆ ಸೇರುವಾಗ ಅರ್ಜಿಯಲ್ಲಿ ಅದನ್ನು ಬರೆದಿದ್ದಳು. ಅದನ್ನು ಯಾರೂ ಓದಿದಂತಿರಲಿಲ್ಲ, ಅವಳೂ ನೆನಪಿಸಿರಲಿಲ್ಲ.

ಕೋಣೆ ತಲುಪಿ ರುವೈಸ್‌ಗೆ ಫೋನು ಮಾಡಿದಳು. ಕಾಗುಣಿತ ತಿದ್ದುವವಳು ಕಾನೂನು ಹೇಳಹೋದರೆ ಆ ಹುಡುಗಿಗೆ ನೋವಾಗುವುದಿಲ್ಲವೇ, ಪಾಯ್ಸ್ ಏನೆಂದುಕೊಳ್ಳುತ್ತಾರೆ, ತಪ್ಪಾದರೆ ಎಲ್ಲರ ಅನ್ನಕ್ಕೂ ತಾನೇ ಕಲ್ಲು ಹಾಕಿದಂತಾಗುವುದಿಲ್ಲವೇ ಎಂದು ಒಂದೇ ಉಸಿರಿಗೆ ಕೇಳಿದಳು. ದ್ವಾರಕನಾಥರು ಮಾತಿನಲ್ಲಿ ಜಿಪುಣರು. ಬಾಣಲೆಯಲ್ಲಿ ಏನೋ ಚುರುಗುಟ್ಟುವ ಸದ್ದು ಕೇಳುತ್ತಿತ್ತು.

"ಹೇಗೂ ಬೀಗ ಹಾಕ್ತಾರೆ ಅಂತಿದೀಯ," ಎಂದರು. "ಹೇಳಿ ಮನೆಗೆ ಬಂದ್ರೆ ಒಂಥರಾ, ಹೇಳ್ದೆ ಬಂದ್ರೆ ಇನ್ನೊಂಥರಾ. ಹೇಳ್ದೆ ಬಂದ್ರೆ ನೀನು ನನ್ ತಲೆ ತಿಂತೀಯ. ನನಗೋಸ್ಕರನಾದ್ರೂ ಹೇಳು."

ಮರುದಿನ ಬೆಳಗ್ಗೆ ಅವಳು ನೇರವಾಗಿ ಸಮೀಕ್ಷಾಳ ಮೇಜಿಗೆ ಹೋದಳು. ಪಾಯ್ಸ್ ಬರುವ ಮೊದಲೇ ಹೋದಳು. ಮಾತು ಸುಳ್ಳಾದರೆ ಅದು ಇಬ್ಬರ ನಡುವೆ ಉಳಿಯಲಿ, ನಿಜವಾದರೆ ಹುಡುಗಿಯೇ ಅದನ್ನು ಎತ್ತಿಕೊಂಡು ಹೋಗಲಿ ಎಂಬುದು ಅವಳ ಲೆಕ್ಕಾಚಾರ.

"ಬೇಲಿ ಬಿಟ್ಟುಬಿಡು ಮಗು," ಎಂದಳು. "ಹೊಲಕ್ಕೆ ಲೈಸೆನ್ಸ್ ಕೊಡಬೇಡ. ಒಣಗಿಸೋ ಮನೆಗೆ ಕೊಡು."

ಸಮೀಕ್ಷಾಗೆ ಅರ್ಥವಾಗಲಿಲ್ಲ. ಸುಮಿತ್ರಾ ಕುರ್ಚಿ ಎಳೆದು ಕೂತು ಹೇಳಿದಳು. ಹುಣಸೂರಿನಲ್ಲಿ ಹೊಗೆಸೊಪ್ಪನ್ನು ಹಸಿಯಾಗಿ ಯಾರೂ ಕೊಳ್ಳುವುದಿಲ್ಲ. ಬ್ಯಾರನ್ ಎಂಬ ಎತ್ತರದ ಮಣ್ಣಿನ ಮನೆಯಲ್ಲಿ ಕಟ್ಟಿ, ಕೆಳಗೆ ಬೆಂಕಿ ಹಾಕಿ, ವಾರವಿಡೀ ಬೇಯಿಸಿ ಒಣಗಿಸಬೇಕು. ಲೈಸೆನ್ಸು ಇದ್ದದ್ದು ಆ ಬ್ಯಾರನ್ನಿಗೆ. ಮಂಡಳಿಯ ನಿಯಮದ ಪುಸ್ತಕದಲ್ಲಿ ಅದು ಮೊದಲಿನಿಂದಲೂ ಇತ್ತು, ಆದರೆ ಯಾಕೆ ಹಾಗೆ ಎಂಬುದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ತಿಳಿದಿರಲಿಲ್ಲ. ಚಿಗುರು ಉತ್ಸಾಹದಲ್ಲಿ ಬಿಸಿಲಲ್ಲಿ ಹೊಲ ಹೊಲ ಅಳೆಯುತ್ತ ಹೋಗುತ್ತಿದ್ದಳು. ಒಂದೂರಿನಲ್ಲಿ ಒಬ್ಬ ಮುದುಕಿ ಕರೆದು ಕೂರಿಸಿ ಮಜ್ಜಿಗೆ ಕೊಟ್ಟು, ಅವಳ ಕಾಲಿನ ಗುಳ್ಳೆಗಳನ್ನು ನೋಡಿ ನಕ್ಕಿದ್ದಳು.

"ಆವಮ್ಮ ಅಂದಿದ್ದು ನಂಗಿನ್ನೂ ಕಿವೀಲಿದೆ," ಎಂದಳು ಸುಮಿತ್ರಾ. "ಹೊಲ ಯಾಕ್ ಸುತ್ತೀಯೆ ತಾಯಿ, ಜೋಳದ ಮರೇಲಿ ನಾಕ್ ಸಾಲು ಬಚ್ಚಿಟ್ರೆ ನಿಂಗೇನ್ ಕಂಡಾತು. ಹೊಗೆ ಬಚ್ಚಿಡಕ್ಕಾಯ್ತದಾ. ಹೊಗೆ ಏಳೋ ಮನೆ ಎಣ್ಸು, ಸಾಕು."

ಸಮೀಕ್ಷಾ ತಾನು ಸಂಗ್ರಹಿಸಿದ್ದ ವರದಿಗಳ ಕಟ್ಟನ್ನು ಎಳೆದುಕೊಂಡು ಹಾಳೆ ಮಗುಚತೊಡಗಿದಳು. ಇದನ್ನೂ ಹಸಿಯಾಗಿ ಯಾರೂ ಕೊಳ್ಳುವುದಿಲ್ಲ. ಕುಯ್ದ ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ತೂಗುಹಾಕಿ ಹತ್ತು ಹದಿನೈದು ದಿನ ಒಣಗಿಸಲೇಬೇಕು.

"ಮತ್ತೆ ಸ್ಮೆಲ್, ಆಂಟಿ," ಎಂದಳು, ಬೆರಳಿನಿಂದ ಒಂದು ಸಾಲನ್ನು ಒತ್ತಿ ಹಿಡಿದು. "ಹೊಗೆ ಇಲ್ಲ, ಬಟ್ ಒಣಗುವಾಗ ಎಂಥ ವಾಸನೆ ಅಂದ್ರೆ ಇಡೀ ಊರಿಗೆ ಗೊತ್ತಾಗ್ತದಂತೆ. ಯು ಕಾಂಟ್ ಹೈಡ್ ಇಟ್."

ಪಾಯ್ಸ್ ಬಂದಾಗ ಇಬ್ಬರೂ ಒಂದೇ ಮೇಜಿನ ಮೇಲೆ ಬಾಗಿದ್ದರು. ಅವರು ನಿಂತೇ ಎಲ್ಲ ಕೇಳಿಸಿಕೊಂಡರು. ಎಂಟು ವರ್ಷದಿಂದ ಅಲ್ಪವಿರಾಮ ಹಾಕಿಸಿದ್ದು ಯಾರ ಕೈಯಲ್ಲಿ ಎಂದು ಈಗ ತಿಳಿದವರಂತೆ ಸುಮಿತ್ರಾಳ ಮುಖ ನೋಡಿದರು. ಆಮೇಲೆ ಹೋಗಿ ತಮ್ಮ ಕೋಣೆಯ ದೊಡ್ಡ ಮೇಜನ್ನು ಖಾಲಿ ಮಾಡಿ, ಯಲ್ಲಾ, ಬನ್ನಿ ಬೇಗ, ಇಲ್ಲಿ ಕೂತು ಬರೆಯಿರಿ ಎಂದರು.

ಮುಂದಿನ ಎಂಟು ದಿನ ಆಫೀಸು ಗಾಣದಂತೆ ತಿರುಗಿತು. ಆ ಗುರುವಾರ ಸುಮಿತ್ರಾ ರುವೈಸ್‌ಗೆ ಹೋಗಲಿಲ್ಲ. ಶುಕ್ರವಾರದ ರಜೆಯ ದಿನವೂ ರುಖಿಯಾ ಕರೆಯದೆಯೇ ಬಂದು, ನೀರುದೋಸೆ ಮಾಡಿ ಡಬ್ಬಿ ಇಟ್ಟು, ತಾನು ಬಂದದ್ದು ಕಿಟಕಿ ಒರೆಸಲು ಎಂದಳು.

ಹೊಸ ನಿಯಮ ಹೀಗೆ ರೂಪುಗೊಂಡಿತು. ಪ್ರತಿ ಊರಿಗೆ, ಅಥವಾ ಎರಡು ಮೂರು ಊರಿಗೆ ಸೇರಿ, ಒಂದು ಒಣಗಿಸುವ ಮನೆ. ಲೈಸೆನ್ಸು, ಸಂಖ್ಯೆ, ಬೀಗ, ತನಿಖೆ, ಪರೀಕ್ಷೆಗೆ ಮಾದರಿ ತೆಗೆಯುವುದು, ಎಲ್ಲ ಆ ಮನೆಗೆ. ಬೆಳೆಯುವವರು ಆ ಮನೆಯ ಸದಸ್ಯರು, ಅಷ್ಟೇ. ಹಸಿ ಮಾಲು ಒಳಗೆ ಹೋಗುವಾಗ ಒಂದು ತೂಕ, ಒಣಗಿ ಹೊರಬರುವಾಗ ಒಂದು ತೂಕ. ಅದು ಬಿಟ್ಟು ಬೇರೆಲ್ಲೇ ಒಣಗಿಸಿದರೂ ಅಪರಾಧ. ಬೇಲಿ ಕ್ಯಾಮೆರಾ ಯಾವುದಿದ್ದರೂ ಆ ಒಂದು ಮನೆಗೆ, ಅದೂ ಸರ್ಕಾರದ ಕೈಯಿಂದ.

ಒಂದೇ ಒಂದು ಕಲಮಿನ ಮೇಲೆ ಇಬ್ಬರಿಗೂ ಜಗಳವಾಯಿತು. ಪಾಲಿಗೆ ಬಂದ ಮಿತಿಗಿಂತ ಹೆಚ್ಚು ಬೆಳೆದರೆ ಹೆಚ್ಚಿನದನ್ನು ಸುಟ್ಟು, ಬೆಳೆದವರ ಸದಸ್ಯತ್ವ ರದ್ದು ಮಾಡಬೇಕು ಎಂದು ಸಮೀಕ್ಷಾ ಬರೆದಿದ್ದಳು. ಎಲ್ಲ ದೇಶದಲ್ಲೂ ಹಾಗೇ ಇದೆ ಎಂದು ಪಟ್ಟು ಹಿಡಿದಳು. ಆಗ ಸುಮಿತ್ರಾ ತಾನು ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು. ಹುಣಸೂರಿನ ಕೆಲಸದ ಎರಡನೆಯ ವರ್ಷ ಒಬ್ಬ ರೈತ ತಾನಾಗಿ ಬಂದು, ಮಳೆ ಚೆನ್ನಾಗಾಗಿ ಸೊಪ್ಪು ಹೆಚ್ಚಿಗೆ ಬಂದಿದೆ ಎಂದು ಹೇಳಿಕೊಂಡಿದ್ದ. ಹೇಗೆ ಬರೆದುಕೊಂಡು ದಾರಿ ಮಾಡಿಕೊಡಬಹುದು ಎಂದು ಮೇಲಿನವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಹೊಸ ಅಧಿಕಾರದ ಬಿಗಿಯಲ್ಲಿ ಅವನ ಮೇಲೆ ದೂರು ಬರೆದು ಕಳಿಸಿಬಿಟ್ಟಳು.

"ನಿಜ ಹೇಳಿದವನನ್ನ ನಾನೇ ಕೈಯಾರೆ ಸಿಕ್ಕಿಸಿದೆ," ಎಂದಳು. "ಮರುವರ್ಷ ಆ ಹೋಬಳೀಲಿ ನಂಗೆ ನಿಜ ಹೇಳೋರು ಒಬ್ರೂ ಇರ್ಲಿಲ್ಲ ಮಗು. ನೀರು ಕೇಳಿದ್ರೂ ಇಲ್ಲ ಅಂದ್ರು. ಅದನ್ನ ಸರಿ ಮಾಡೋಕೆ ನಾಕು ವರ್ಷ ಬೇಕಾಯ್ತು."

ಸಮೀಕ್ಷಾ ಆ ಕಲಮನ್ನು ಅಳಿಸಿದಳು. ತಾನಾಗಿ ತಂದು ಒಪ್ಪಿಸಿದ ಹೆಚ್ಚುವರಿ ಮಾಲನ್ನು ತೂಗಿ, ಬರೆದು, ಒಳಗಿಟ್ಟು, ಕಡಿಮೆ ದರಕ್ಕೆ ಕೊಂಡು, ಮರುವರ್ಷದ ಮಿತಿಯಲ್ಲಿ ಅಷ್ಟನ್ನು ಕಳೆಯುವುದು ಎಂದು ಬರೆದಳು. ಶಿಕ್ಷೆ ಏನಿದ್ದರೂ ಬಚ್ಚಿಟ್ಟಿದ್ದಕ್ಕೆ, ಬೆಳೆದದ್ದಕ್ಕಲ್ಲ.

ಬುಧವಾರ ಪಾಯ್ಸ್ ಅವರ ಕಾರಿನಲ್ಲಿ ಮೂವರೂ ಅಬುಧಾಬಿಗೆ ಹೊರಟರು. ದಾರಿಯುದ್ದಕ್ಕೂ ಸಮೀಕ್ಷಾ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಪಾಯ್ಸ್ ಹಾಡು ಹಾಕಲಿಲ್ಲ. ಪುಟ ತಪ್ಪದಂತೆ ಕಡತ ಹಿಡಿದು ಹಿಂದೆ ಕೂರಲು ಸುಮಿತ್ರಾಳನ್ನು ಕರೆದಿದ್ದರು, ಅಷ್ಟೇ.

ಕಡಲ ದಂಡೆಯ ಹೋಟೆಲೊಂದರ ಸಣ್ಣ ಸಭಾಕೋಣೆಯಲ್ಲಿ ಬೆಟ್ಟಿ ಕಾಯುತ್ತಿದ್ದರು. ಎತ್ತರದ, ಗಟ್ಟಿ ಮೈಯ ಹೆಂಗಸು. ತಲೆಗೆ ಹಳದಿ ಹೂವಿನ ಬಟ್ಟೆ ಸುತ್ತಿದ್ದರು. ನಗಲಿಲ್ಲ. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಶುರುಮಾಡಿ ಎಂದರು. ಪಾಯ್ಸ್ ಪರಿಚಯ ಮಾಡಿಸಿದರು. ಸಮೀಕ್ಷಾ ಕಾನೂನು ತಜ್ಞೆ, ಸುಮಿತ್ರಾ ಕಡತ ನೋಡಿಕೊಳ್ಳುವವರು.

ಹುಡುಗಿ ಚೆನ್ನಾಗಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಒಣಗಿಸುವ ಮನೆಯ ಮಾತು ಬಂದಾಗ ಬೆಟ್ಟಿ ಪೆನ್ನು ಕೆಳಗಿಟ್ಟರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಸುಮಿತ್ರಾಳಿಗೆ ತಿಳಿಯಲಿಲ್ಲ. ಆಮೇಲೆ ಪ್ರಶ್ನೆಗಳು ಬಂದವು. ಮನೆ ಕಟ್ಟಲು ಎಷ್ಟು ದಿನ, ಮಳೆಯಲ್ಲಿ ದಾರಿ ಕೊಚ್ಚಿಹೋದರೆ ಮಾಲು ಸಾಗಿಸುವುದು ಹೇಗೆ. ಸಮೀಕ್ಷಾ ಉತ್ತರ ಹೇಳಿದಳು. ಕೊನೆಗೆ ಬೆಟ್ಟಿ ಮುಂದೆ ಬಾಗಿ ಕೇಳಿದರು.

"ತಕ್ಕಡಿ ಹಿಡಿಯುವವನು ನನ್ನ ಇಲಾಖೆಯವನು. ಅವನು ಕಳ್ಳನಾದರೆ? ಹಳ್ಳಿಯ ಹೆಂಗಸು ಹತ್ತು ಕಿಲೋ ತಂದಾಗ ಎಂಟು ಎಂದು ಬರೆದರೆ? ಇದಕ್ಕೆ ನಿಮ್ಮ ನಿಯಮದಲ್ಲಿ ಏನಿದೆ?"

ಸಮೀಕ್ಷಾ ಕಡತ ನೋಡಿದಳು. ಆ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಅವಳು ಕಡತ ಮುಚ್ಚಿದಳು.

"ಮೇಡಂ, ಈ ಮಾತಿನ ಬೇರು ನನ್ನದಲ್ಲ," ಎಂದಳು. "ಒಣಗಿಸುವ ಮನೆ ಇವರ ಯೋಚನೆ. ಇಂಥದೇ ಬೆಳೆಯನ್ನು ಇವರು ಒಂಬತ್ತು ವರ್ಷ ನೋಡಿಕೊಂಡವರು. ಉತ್ತರ ಇವರಿಂದಲೇ ಕೇಳಿ."

ಸಮೀಕ್ಷಾ ಇದನ್ನು ಆಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹೆಸರೆಲ್ಲ ಅವಳಿಗೇ ಬರುತ್ತಿತ್ತು. ಅದು ಗೊತ್ತಿದ್ದೂ ಅವಳು ಆಡಿದ್ದಳು. ಬೆಟ್ಟಿ ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ಎಳೆದು, ಬಂದು ಕೂತ ಸುಮಿತ್ರಾಳಿಗೆ ತಾವೇ ಲೋಟಕ್ಕೆ ನೀರು ಬಗ್ಗಿಸಿಕೊಟ್ಟರು.

ಸುಮಿತ್ರಾಳ ಇಂಗ್ಲಿಷು ಕಾಲೇಜಿನದು, ಸಾವಕಾಶದ್ದು. ನೀರು ಕುಡಿದು ಹೇಳತೊಡಗಿದಳು. ತೂಕ ಒಳಗೆ ಆಗಬಾರದು, ಬಾಗಿಲ ಹೊರಗೆ ಎಲ್ಲರ ಎದುರಿಗೆ ಆಗಬೇಕು. ವಾರದಲ್ಲಿ ಒಂದು ದಿನ ಗೊತ್ತು ಮಾಡಬೇಕು, ಎಲ್ಲರೂ ಅದೇ ದಿನ ತರಬೇಕು. ಬಾಗಿಲ ಪಕ್ಕ ಕಪ್ಪು ಹಲಗೆ ಹಾಕಿ, ಹೆಸರೂ ತೂಕವೂ ದೊಡ್ಡಕ್ಷರದಲ್ಲಿ ಅಲ್ಲೇ ಬರೆಯಬೇಕು. ಓದಲು ಬಾರದವರಿಗೆ ಗಟ್ಟಿಯಾಗಿ ಕೂಗಿ ಹೇಳಬೇಕು. ಪುಸ್ತಕಕ್ಕೆ ಆಮೇಲೆ ಇಳಿಸಿಕೊಳ್ಳಲಿ. ಬೀಗ ಎರಡು, ಒಂದರ ಕೀಲಿ ಅಧಿಕಾರಿಗೆ, ಇನ್ನೊಂದರದು ಊರು ಆರಿಸಿದ ಹೆಂಗಸಿಗೆ.

"ಒಬ್ಬಳಿಗೆ ಮೋಸ ಮಾಡುವುದು ಸುಲಭ," ಎಂದಳು. "ನಲವತ್ತು ಹೆಂಗಸರು ತಮ್ಮ ತಮ್ಮ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತು ನೋಡುತ್ತಿರುವಾಗ ಎರಡು ಕಿಲೋ ಮಾಯ ಮಾಡಲು, ತುಂಬ ದೊಡ್ಡ ಕಳ್ಳನೇ ಬೇಕು. ಅಂಥವನು ಇಷ್ಟು ಸಣ್ಣ ಸಂಬಳಕ್ಕೆ ಬರುವುದಿಲ್ಲ."

ಬೆಟ್ಟಿಯ ಗಂಟಲಿನಿಂದ ಒಂದು ಸದ್ದು ಬಂತು. ನಗುವೇ ಇರಬೇಕು. ಅವರು ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡರು. ಮುಗಿಯಿತು ಎಂದು ಪಾಯ್ಸ್ ಎದ್ದು ನಿಲ್ಲಲು ಹೋದರು. ಬೆಟ್ಟಿ ಕೈಸನ್ನೆಯಿಂದ ಕೂರಿಸಿದರು.

"ನನ್ನ ಅಮ್ಮನಿಗೆ ಎಪ್ಪತ್ತೊಂದು ವರ್ಷ," ಎಂದರು. "ಇಳಿಜಾರಿನಲ್ಲಿ ಅವಳದೊಂದು ತುಂಡು ನೆಲ. ಕಾಗದ ಇಲ್ಲ, ಊರಿನ ಹಿರಿಯನ ಬಾಯಿಮಾತೇ ಪತ್ರ. ಕರೆಂಟು ಇಲ್ಲ. ಹುಟ್ಟಿದ ದಿನ ಗೊತ್ತಿಲ್ಲ. ಅವಳ ಅರ್ಜಿಯನ್ನು ಈಗ, ನನ್ನೆದುರಿಗೇ ತುಂಬಿ."

ಸಮೀಕ್ಷಾ ಅರ್ಜಿಯ ನಮೂನೆ ತೆಗೆದಳು. ಮೊದಲು ಹನ್ನೊಂದು ಪುಟವಿದ್ದದ್ದು ಈಗ ಒಂದೇ ಹಾಳೆ. ಸುಮಿತ್ರಾ ಕೇಳುತ್ತ ಹೋದಳು, ಹುಡುಗಿ ಬರೆಯುತ್ತ ಹೋದಳು. ಹೆಸರು. ಊರು. ನಿಮ್ಮನ್ನು ಬಲ್ಲವರು ಯಾರು, ಹಿರಿಯ ಅಥವಾ ಇಬ್ಬರು ನೆರೆಯವರು. ಎಷ್ಟು ಸಾಲು ನೆಡುತ್ತೀರಿ. ಎಕರೆ ಎಂದು ಕೇಳಿರಲಿಲ್ಲ, ಸಾಲು ಎಂದು ಕೇಳಿತ್ತು, ಏಕೆಂದರೆ ಇಳಿಜಾರಿನಲ್ಲಿ ಎಕರೆಯನ್ನು ಅಳೆದವರಿಲ್ಲ. ಯಾವ ಒಣಗಿಸುವ ಮನೆಗೆ ಹೊತ್ತು ತರುತ್ತೀರಿ. ನಡೆದು ಬರಲು ಎಷ್ಟು ಹೊತ್ತು ಬೇಕು. ಈ ಕೊನೆಯ ಪ್ರಶ್ನೆ ಯಾಕೆ ಎಂದು ಬೆಟ್ಟಿ ಕೇಳಿದರು. ಒಂದೂವರೆ ಗಂಟೆಗಿಂತ ಹೆಚ್ಚಾದರೆ ಆ ಊರಿಗೆ ಇನ್ನೊಂದು ಮನೆ ಕಟ್ಟುವುದು ಪ್ರಾಧಿಕಾರದ ಕರ್ತವ್ಯ, ಒಂಬತ್ತನೆಯ ಕಲಮು ಎಂದಳು ಸುಮಿತ್ರಾ. ಕೆಳಗೆ ಹೆಬ್ಬೆಟ್ಟಿಗೆ ಒಂದು ಚೌಕ.

ನಾಲ್ಕು ನಿಮಿಷದಲ್ಲಿ ಅರ್ಜಿ ತುಂಬಿತು. ಬೆಟ್ಟಿ ಹಾಳೆಯನ್ನು ಎತ್ತಿ ಹಿಡಿದು ಓದಿದರು. ಅಮ್ಮನ ಹೆಸರಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಮೂವರಿದ್ದರು," ಎಂದರು. "ಇವಳು ನಾಲ್ಕನೆಯವಳು. ಇವಳಿಗೆ ಸಿಕ್ಕರೆ ಆ ಗುಡ್ಡದಲ್ಲಿ ಎಲ್ಲರಿಗೂ ಸಿಗುತ್ತದೆ."

ಒಪ್ಪಂದಕ್ಕೆ ಅಲ್ಲೇ ಸಹಿಯಾಯಿತು. ಆದರೆ ಅದರಲ್ಲಿ ಬೆಟ್ಟಿ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು. ಪ್ರಾಧಿಕಾರ ಮೊದಲ ಸಲ ನೇಮಿಸಲಿರುವ ಇಪ್ಪತ್ತನಾಲ್ಕು ತನಿಖಾಧಿಕಾರಿಗಳಿಗೆ ಎರಡು ತಿಂಗಳು ತರಬೇತಿ ಕೊಡಲು ಸುಮಿತ್ರಾ ಬರಬೇಕು. ಊರೂರಿಗೆ ಅವರ ಜೊತೆ ನಡೆಯಬೇಕು. ಪಾಯ್ಸ್ ತಿರುಗಿ ಅವಳ ಮುಖ ನೋಡಿದರು, ಅವಳ ಪರವಾಗಿ ತಾವು ಉತ್ತರಿಸಲಿಲ್ಲ. ಸುಮಿತ್ರಾ ಬರುತ್ತೇನೆ ಎಂದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನುವುದು ಅವಳ ಬಾಯಿಗೆ ಬರಲೇ ಇಲ್ಲ, ಅದು ಅವಳಿಗೇ ಆಶ್ಚರ್ಯವಾದದ್ದು ಲಿಫ್ಟಿನಲ್ಲಿ.

ಕೆಳಗೆ ಬಂದು ಕಾರು ಬರುವವರೆಗೆ ನೆರಳಿನಲ್ಲಿ ನಿಂತು ರುವೈಸ್‌ಗೆ ಫೋನು ಮಾಡಿದಳು. ದ್ವಾರಕನಾಥರು ಎಲ್ಲ ಕೇಳಿಸಿಕೊಂಡರು.

"ಎರಡೇ ತಿಂಗಳಾ," ಎಂದರು. "ಇಪ್ಪತ್ನಾಲ್ಕು ಜನ ಅಂತೀಯ. ಮೂರು ಮಾಡ್ಕೊಂಡು ಬಾ. ನಂಗೆ ಸಾರು ಮಾಡೋಕೆ ಬರುತ್ತೆ."

ಹಿಂದಿರುಗುವಾಗ ಸಮೀಕ್ಷಾ ಕಾರಿನಲ್ಲಿ ನಿದ್ದೆಹೋದಳು. ಪೆಟ್ರೋಲ್ ಬಂಕಿನಲ್ಲಿ ಪಾಯ್ಸ್ ಮೂರು ಕರಕ್ ಚಹಾ ತಂದರು. ಹುಡುಗಿಯನ್ನು ಎಬ್ಬಿಸದೆ ಅವಳ ಲೋಟಕ್ಕೆ ಕರವಸ್ತ್ರ ಸುತ್ತಿ ಬಿಸಿ ಆರದಂತೆ ಇಟ್ಟರು. ಇನ್ನೇನು ಗಾಡಿ ಹೊರಡಬೇಕು, ಅವರು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ, ನಿಮ್ಮ ಅರ್ಜಿ ನಾನು ಸರಿಯಾಗಿ ಓದಲೇ ಇಲ್ಲ ಸುಮಿತ್ರಮ್ಮ, ಅದು ನನ್ನ ತಪ್ಪು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಮಾಫಿ ಮುಷ್ಕಿಲ್, ತೊಂದರೆಯಿಲ್ಲ ಎಂದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಮನಸಾರೆ ಹೇಳಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಆಫೀಸಿನ ಲೈಸೆನ್ಸು ನವೀಕರಣವಾಯಿತು. ಅದೇ ವಾರ ಸುಮಿತ್ರಾ ಆ ದೇಶದ ವೀಸಾಕ್ಕೆ ಅರ್ಜಿ ಹಾಕಲು ಮೀನಾ ಬಜಾರಿನ ಬದಿಯ ಟೈಪಿಂಗ್ ಸೆಂಟರಿಗೆ ಹೋದಳು. ಸಾಲು ಉದ್ದವಿತ್ತು. ಕೌಂಟರಿನ ಮಲಯಾಳಿ ಯುವಕ ತನ್ನ ಕುರ್ಚಿಯನ್ನೇ ಈಚೆ ದೂಡಿ, ಅವಳನ್ನು ಕೂರಿಸಿ, ತಾನು ನಿಂತು ಟೈಪು ಮಾಡತೊಡಗಿದ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ಊರು. ಉದ್ಯೋಗದ ಚೌಕಕ್ಕೆ ಬಂದಾಗ ಅವಳ ಕಡೆ ನೋಡಿ, ಹೌಸ್‌ವೈಫ್ ಅಲ್ಲವೇ ಮೇಡಂ ಎಂದು ಕೇಳಿದ. ಬೆರಳು ಆಗಲೇ ಮೊದಲ ಅಕ್ಷರ ಒತ್ತಿತ್ತು.

"ಅಲ್ಲ," ಎಂದಳು ಸುಮಿತ್ರಾ. "ಫೀಲ್ಡ್ ಆಫೀಸರ್."

ಅವನು ಸಾರಿ ಎಂದು ಅಳಿಸಿ, ಟೈಪು ಮಾಡಿ, ಸರಿಯಿದೆಯೇ ನೋಡಿ ಎಂದು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಕನ್ನಡಕ ಹಾಕಿಕೊಂಡು, ಹಿಂದೆ ಸಾಲಿನಲ್ಲಿದ್ದವರು ಕಾಯುತ್ತಿದ್ದರೂ, ನಿಧಾನವಾಗಿ ಓದಿದಳು. ಸರಿಯಿತ್ತು.